ಏಳಕ್ಕೊಂದು ಕುಂಟು

ನಮ್ಮ ಭಾವ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನಾದರೂ ನೆಟ್ಟಗೆ ಹೇಳಿದರೇ ಎಂದರೆ ಅದೂ ಇಲ್ಲ. ಕೊನೆಗೆ ಅದು ನಿಜವಾಗಿಬಿಟ್ಟಿತು. ಕರಡು ತಿದ್ದುವುದೇ ನನ್ನ ಕಸುಬಾದ್ದರಿಂದ ತಪ್ಪುಗಳ ಜೊತೆ ನನಗೆ ಹಳೆಯ ಒಡನಾಟ. ಆದರೆ ತನ್ನನ್ನು ತಾನೇ ತಿದ್ದಿಕೊಂಡ ತಪ್ಪನ್ನು ನಾನು ಕಂಡಿದ್ದು ಅದೊಂದೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರ ಮನೆಯ ಮುಂದಿನ ಕೋಣೆಯೇ ಪ್ರೆಸ್ಸು. ಅಲ್ಲಿರುವುದು ಒಂದು ಟ್ರೆಡಲ್ ಯಂತ್ರ, ಅಚ್ಚುಮೊಳೆಗಳ ನಾಲ್ಕು ಗೂಡು, ಮೂಲೆಯಲ್ಲೊಂದು ಮೇಜು, ಮೇಜಿನ ಹಿಂದೆ ನಾನು. ಟ್ರೆಡಲ್ ಎಂದರೆ ಕಾಲಲ್ಲಿ ತುಳಿದು ಓಡಿಸುವ ಅಚ್ಚಿನ ಯಂತ್ರ. ಬಲಗಾಲು ತುಳಿಯಬೇಕು, ಬಲಗೈ ಖಾಲಿ ಕಾಗದ ಇಡಬೇಕು, ಎಡಗೈ ಅಚ್ಚಾದದ್ದನ್ನು ತೆಗೆಯಬೇಕು, ಮನಸ್ಸು ಎಲ್ಲಿಗೂ ಹೋಗಬಾರದು. ಹೋದರೆ ಬೆರಳು ಹೋಗುತ್ತದೆ. ಮೂವತ್ತನಾಲ್ಕು ವರ್ಷ ತುಳಿದ ಭಾವನ ಹತ್ತೂ ಬೆರಳು ಜಾಗದಲ್ಲೇ ಇವೆ. ಆದರೆ ಯಂತ್ರದಿಂದ ಎರಡು ಹೆಜ್ಜೆ ಆಚೆ ಸರಿದರೆ ಸಾಕು, ಅಲ್ಲಿಯವರೆಗೆ ತಡೆದಿಟ್ಟ ಮನಸ್ಸೆಲ್ಲ ಒಟ್ಟಿಗೇ ಹೊರಟುಹೋಗುತ್ತದೆ. ಒಮ್ಮೆ ಅವರು ಪಕ್ಕದ ಮನೆಗೆ ನುಗ್ಗಿ, ಕುರ್ಚಿಯಲ್ಲಿ ಕುಳಿತು, ಚಹಾ ತರಿಸಿಕೊಂಡು ಕುಡಿದು, ಲೋಟ ಕೆಳಗಿಟ್ಟ ಮೇಲಷ್ಟೇ ಅದು ತಮ್ಮ ಮನೆಯಲ್ಲವೆಂದು ಗಮನಿಸಿದ್ದರು. ಆ ಮನೆಯ ಯಜಮಾನರು ನಿವೃತ್ತ ಹೆಡ್ಮಾಸ್ಟರು. ಅವರು ಅದನ್ನು ಇವತ್ತಿಗೂ ಮರೆತಿಲ್ಲ.

ಹೆಡ್ಮಾಸ್ಟರು ಕೆಲಸದಲ್ಲಿದ್ದಷ್ಟು ದಿನ ಯಂತ್ರದ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ನಿವೃತ್ತರಾಗಿ ಹಗಲೆಲ್ಲ ಮನೆಯಲ್ಲಿ ಕುಳಿತ ಮೇಲೆ ಬೇರೇನೂ ಕೇಳಿಸದಂತಾಯಿತು. ಅವರು ನಗರಸಭೆಗೆ ಆರು ಪುಟದ ದೂರು ಬರೆದರು. ಅದರಲ್ಲಿ ಒಂದೇ ಒಂದು ಅಕ್ಷರದೋಷವಿರಲಿಲ್ಲ ಎಂಬುದನ್ನು ನಾನು ವೃತ್ತಿಧರ್ಮದ ದೃಷ್ಟಿಯಿಂದ ಒಪ್ಪಿಕೊಳ್ಳಲೇಬೇಕು. ವಾಸದ ಬೀದಿಯಲ್ಲಿ ಕಾರ್ಖಾನೆ ನಡೆಸುವಂತಿಲ್ಲ, ಹತ್ತು ದಿನದೊಳಗೆ ಯಂತ್ರ ತೆಗೆಯಬೇಕು ಎಂದು ನೋಟಿಸು ಬಂತು.

ಅಕ್ಕ ನೋಟಿಸನ್ನು ಎರಡು ಸಲ ಓದಿ ಮಡಿಸಿಟ್ಟಳು. "ಒಳ್ಳೇದೇ ಆಯ್ತು. ಆ ಕೋಣೆಯಲ್ಲಿ ನಾನು ಹೊಲಿಗೆ ಕ್ಲಾಸು ಶುರುಮಾಡ್ತೀನಿ. ಶನಿವಾರ ಬೆಳಿಗ್ಗೆ ಬರೋಕೆ ಗುಜರಿಯವನಿಗೆ ಹೇಳಿದೀನಿ" ಎಂದಳು.

"ಗುಜರಿಗಾ?" ಎಂದರು ಭಾವ.

"ಮತ್ತೇನು ಮ್ಯೂಸಿಯಮ್ಮಿಗಾ? ಮೂವತ್ತು ವರ್ಷದಿಂದ ಊರಿನವರ ಹೆಸರೆಲ್ಲ ಅಚ್ಚು ಹಾಕಿದ್ರಿ. ನಿಮ್ಮ ಹೆಸರು ಎಲ್ಲಾದ್ರೂ ಒಂದು ಕಡೆ ಬಂತಾ, ಹೇಳಿ."

ಭಾವ ಯೋಚಿಸಿ, "ನಮ್ಮ ಮದುವೆ ಕಾಗದದಲ್ಲಿ ಬಂದಿತ್ತಲ್ಲ" ಎಂದರು. ಅಕ್ಕ ಒಳಗೆ ಹೋದಳು. ಭಾವ ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದರು. ಅದನ್ನು ತೆಗೆದರೆ ತಮ್ಮನ್ನೂ ತೂಕಕ್ಕೆ ಹಾಕಿದ ಹಾಗೇ ಎಂದು ಅವರಿಗೆ ಅನ್ನಿಸುತ್ತಿತ್ತು.

ಸರಿಯಾಗಿ ಆ ಹೊತ್ತಿಗೆ ಗಡ್ಡದವನು ಒಳಗೆ ಬಂದ. ಕಪ್ಪು ಅಂಗಿ, ಎದೆಯ ಮೇಲೆ ರೆಕ್ಕೆ ಬಿಚ್ಚಿದ ಕಾಗೆಯ ಚಿತ್ರ, ಎದೆಯವರೆಗೆ ಗಡ್ಡ. ನೋಡಿದರೆ ಭಯವಾಗುತ್ತಿತ್ತು, ಮಾತಾಡಿದರೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಮೃದು ಸ್ವಭಾವದ ಮನುಷ್ಯ. ಅವನಿಗೆ ಒಂದು ಕರಪತ್ರ ಬೇಕಿತ್ತು. 'ಕಬ್ಬಿಣದ ಕಾಗೆ' ಎಂಬ ಹೆವಿ ಮೆಟಲ್ ತಂಡದ ಮೊದಲ ಕ್ಯಾಸೆಟ್ಟಿನ ಗೌರವಾರ್ಥ ಶುಕ್ರವಾರ ಸಂಜೆ ಆರಕ್ಕೆ ಅಂಚೆ ನೌಕರರ ಸಭಾಂಗಣದಲ್ಲಿ ಕಾರ್ಯಕ್ರಮ.

"ಆ ತಂಡದವರು ಇದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಂತೆ ಸಾರ್, ಮೂವತ್ತೆರಡು ವರ್ಷದ ಹಿಂದೆ. ಅದಕ್ಕೇ ಇಲ್ಲೇ ಅಚ್ಚು ಹಾಕಿಸೋಣ ಅಂತ ಬಂದೆ. ನೀವು ಅವರನ್ನ ನೋಡಿದ್ರಾ?"

ಬೇರೆ ದಿನವಾಗಿದ್ದರೆ ಭಾವ 'ಹೂಂ, ನೋಡಿದ್ದೆ' ಎಂದು ಸುಮ್ಮನಾಗುತ್ತಿದ್ದರು. ಆದರೆ ಅಕ್ಕನ ಮಾತು ಇನ್ನೂ ಕಿವಿಯಲ್ಲಿತ್ತು. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, "ನೋಡೋದೇನು, ಅವರ ಜೊತೆ ನಾನೂ ಬಾರಿಸ್ತಿದ್ದೆ" ಎಂದರು.

ಗಡ್ಡದವನ ಕೈಯಿಂದ ಹೆಲ್ಮೆಟ್ಟು ಕೆಳಗೆ ಬಿದ್ದು ಉರುಳಿ ನನ್ನ ಮೇಜಿನ ಕಾಲಿಗೆ ತಗುಲಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ನಾಲ್ಕನೆಯವರು" ಎಂದು ಪಿಸುಗುಟ್ಟಿ, ಭಾವನ ಮಸಿ ಮೆತ್ತಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಮರುದಿನ ಸಂಜೆ ಹನ್ನೊಂದು ಜನ ಕಪ್ಪಂಗಿಯವರು ಬಂದು ಪ್ರೆಸ್ಸಿನ ತುಂಬ ಕುಳಿತರು. ಬೀದಿಯವರು ಯಾರೋ ಹೋಗಿಬಿಟ್ಟರು ಎಂದುಕೊಂಡು ಬಾಗಿಲಿಗೆ ಬಂದು ಇಣುಕಿ, ಭಾವ ಜೀವಂತ ಕುಳಿತಿರುವುದನ್ನು ಕಂಡು ಕೊಂಚ ನಿರಾಶೆಯಿಂದಲೇ ವಾಪಸು ಹೋದರು. ಬಂದವರಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬರು ಗಣಿತದ ಮೇಡಂ, ಉಳಿದವರು ಉಳಿದ ಕೆಲಸದವರು. ಕಬ್ಬಿಣದ ಕಾಗೆ ತಂಡ ಆಮೇಲೆ ದೊಡ್ಡ ಸ್ಟುಡಿಯೋಗೆ ಹೋಗಿ ಎರಡು ಆಲ್ಬಂ ಮಾಡಿ ಹೆಸರು ಗಳಿಸಿತಂತೆ. ಲೋಕವೆಲ್ಲ ಕೇಳಿದ್ದು ಆ ಎರಡನ್ನೇ. ಈ ಹನ್ನೊಂದು ಜನರ ಪ್ರಕಾರ ಲೋಕಕ್ಕೆ ಬುದ್ಧಿಯಿಲ್ಲ. ನಿಜವಾದ ಕಾಗೆ ಕೂಗಿದ್ದು ಆ ಹಳೆಯ ಕ್ಯಾಸೆಟ್ಟಿನಲ್ಲಿ.

"ಅದನ್ನ ತಂಡದವರೇ ತಮ್ಮದಲ್ಲ ಅನ್ನೋ ಹಾಗೆ ಮಾತಾಡ್ತಾರೆ ಸಾರ್" ಎಂದ ಗಡ್ಡದವನು. "ಹಾಡಿದವರು ಈಗ ಹಲ್ಲಿನ ಡಾಕ್ಟ್ರು. ಕ್ಯಾಸೆಟ್ ಬಗ್ಗೆ ಕೇಳೋಕೆ ಹೋದ್ರೆ ಹಲ್ಲು ನೋವಿದ್ರೆ ಮಾತ್ರ ಒಳಗೆ ಬನ್ನಿ ಅಂತಾರೆ."

"ನಾನು ಮೂರು ಹಲ್ಲು ತೆಗೆಸಿಕೊಂಡೆ. ಆದ್ರೂ ಬಾಯಿ ಬಿಡ್ಲಿಲ್ಲ" ಎಂದ ಕಂಡಕ್ಟರ್.

ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹಾಡಿದವನ, ಗಿಟಾರಿನವನ, ಬಾಸ್ ಗಿಟಾರಿನವನ ಹೆಸರುಗಳಿದ್ದವು. ಡ್ರಮ್ಸ್ ಎಂಬುದರ ಮುಂದೆ ಜಾಗ ಖಾಲಿ. ಆ ಖಾಲಿ ಜಾಗದ ಬಗ್ಗೆ ಹನ್ನೊಂದು ಜನ ಇಪ್ಪತ್ತು ವರ್ಷ ಜಗಳವಾಡಿದ್ದರು. ಗಣಿತದ ಮೇಡಂ ಗೋಡೆಯಷ್ಟುದ್ದದ ಒಂದು ನಕ್ಷೆ ಬಿಚ್ಚಿದರು. "ಆರು ಏಟು ಸಮ, ಏಳನೇದು ಕುಂಟುತ್ತೆ. ನಲವತ್ತು ನಿಮಿಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ಮನುಷ್ಯರ ಕೈಲಿ ಇದು ಆಗಲ್ಲ ಅಂತ ನಾನು ವಾದ ಮಾಡಿದ್ದೆ. ನಿಮ್ಮ ಕ್ಷಮೆ ಕೇಳ್ತೀನಿ ಸಾರ್."

"ಪರವಾಗಿಲ್ಲ ಬಿಡಿ" ಎಂದರು ಭಾವ ಉದಾರವಾಗಿ.

ಕ್ಯಾಸೆಟ್ ಹಾಕಿದರು. ಮೊದಲು ಭರ್ರನೆ ಗಾಳಿಯ ಸದ್ದು, ಆಮೇಲೆ ತಗಡಿನ ಮೇಲೆ ಸಾಮಾನು ಸುರಿದಂತೆ ಗಿಟಾರು, ಅದರೊಳಗೆ ಯಾರೋ ಪ್ರಾಣಭಯದಿಂದ ಕೂಗುವ ದನಿ. ಇವೆಲ್ಲದರ ಅಡಿಯಲ್ಲಿ ಧಡ್ ಧಡ್ ಎಂದು ಭಾರವಾದ ಏಟು. ಏಳನೆಯದಕ್ಕೆ 'ಧ-ಕಟಕ್' ಎಂದು ಎಡವುತ್ತಿತ್ತು. ಎಡವಿದಾಗಲೆಲ್ಲ ಹನ್ನೊಂದು ತಲೆಗಳು ಒಟ್ಟಿಗೆ ಬಾಗುತ್ತಿದ್ದವು. ಮೂರನೆಯ ಹಾಡಿನಲ್ಲಿ, ಕ್ಯಾಸೆಟ್ಟಿನೊಳಗೇ, ಯಾರೋ ಕೆಮ್ಮಿದರು. ಗಡ್ಡದವನು ಕಣ್ಣೊರೆಸಿಕೊಂಡ.

ಆಗ ನನಗೊಂದು ವಿಚಿತ್ರ ಕಂಡಿತು. ಭಾವನ ಮುಖದಲ್ಲಿ ಏನೂ ತಿಳಿಯದವರ ಗಾಂಭೀರ್ಯವಿತ್ತು. ಆದರೆ ಕುರ್ಚಿಯ ಕೆಳಗೆ ಅವರ ಬಲಗಾಲು ತಾನಾಗಿಯೇ ತುಳಿಯುತ್ತಿತ್ತು. ಏಳನೆಯ ಏಟಿಗೆ ಮೊದಲೇ ಪಾದ ಒಂದಿಷ್ಟು ತಡೆಯುತ್ತಿತ್ತು.

ಹೊರಡುವಾಗ ಗಡ್ಡದವನು, "ಶುಕ್ರವಾರ ಒಂದೇ ಒಂದು ಹಾಡು ಸಾರ್. ಡ್ರಮ್ ನಾವೇ ತರ್ತೀವಿ, ನೀವು ಬಂದು ಕೂತರೆ ಸಾಕು" ಎಂದ. ಭಾವ ತಲೆಯಾಡಿಸಿದರು. ಕಪ್ಪಂಗಿಯವರು ಹೋದ ಮೇಲೆ ಒಳಗಿನಿಂದ ಅಕ್ಕ ಬಂದಳು.

"ಏನ್ರೀ, ಇಷ್ಟು ವರ್ಷ ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ಲ?"

ಆ ದನಿಯಲ್ಲಿ ಕೋಪವಿರಲಿಲ್ಲ. ಅದೇ ಭಾವನನ್ನು ಹೆದರಿಸಿದ್ದು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅಕ್ಕ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಈಗ ನಿಜ ಹೇಳುವುದು ಹೇಗೆ? ಹೇಳದಿದ್ದರೆ ಶುಕ್ರವಾರ ಡ್ರಮ್ಮಿನ ಮುಂದೆ ಕೂರಬೇಕು.

ಭಾವ ಅಭ್ಯಾಸಕ್ಕೆ ಇಳಿದರು. ಖಾಲಿ ಮಸಿ ಡಬ್ಬ ಮೂರು, ಬಕೆಟ್ಟು ಎರಡು, ಕೋಲಿನ ಬದಲು ಅಚ್ಚುಮೊಳೆ ಬಿಗಿಯುವ ಮರದ ತುಂಡು. ಅವರು ಎರಡು ಏಟು ಹಾಕಿ ಮೂರನೆಯದನ್ನು ತಮ್ಮ ಮೊಣಕಾಲಿಗೆ ಹಾಕಿಕೊಳ್ಳುತ್ತಿದ್ದರು. ಮೂರನೆಯ ದಿನ ಹೆಡ್ಮಾಸ್ಟರು ನಗರಸಭೆಯ ಶಬ್ದ ತಪಾಸಣೆ ಅಧಿಕಾರಿಯನ್ನೇ ಕರೆದುಕೊಂಡು ಬಂದರು.

ಅಧಿಕಾರಿ ಸಣ್ಣಗಿನ ಮನುಷ್ಯ. ಒಂದು ಕೈಯಲ್ಲಿ ಸದ್ದು ಅಳೆಯುವ ಮೀಟರು, ಇನ್ನೊಂದರಲ್ಲಿ ಫಾರಮು. ಅವರು ಬಕೆಟ್ಟುಗಳನ್ನು ಬಹಳ ಹೊತ್ತು ನೋಡಿದರು.

"ನಮ್ಮ ಫಾರಮಿನಲ್ಲಿ ಮೂರೇ ಕಾಲಮ್ಮು ಇರೋದು. ವಾಹನ, ಕಾರ್ಖಾನೆ, ಸಂಗೀತ. ಯಂತ್ರಕ್ಕೆ ಕಾರ್ಖಾನೆ ಅಂತ ಬರ್ದಿದೀನಿ, ಅದು ಶನಿವಾರ ಹೋಗ್ಬೇಕು. ಈ ಬಕೆಟ್ಟಿಗೆ ಏನಂತ ಬರೀಲಿ? ಸಂಗೀತ ಆದ್ರೆ ಸಂಜೆ ಏಳರವರೆಗೆ ಅವಕಾಶ ಇದೆ."

"ಸಂಗೀತ ಅಂತ ಮಾತ್ರ ಬರೀಬೇಡಿ" ಎಂದರು ಹೆಡ್ಮಾಸ್ಟರು. "ಮೂರು ದಿನದಿಂದ ಕೇಳ್ತಿದೀನಿ. ನಾನು ಸಾಕ್ಷಿ."

ಅಧಿಕಾರಿ ಆ ಕಾಲಮ್ಮನ್ನು ಖಾಲಿ ಬಿಟ್ಟು ಶುಕ್ರವಾರ ಮತ್ತೆ ಬರುತ್ತೇನೆಂದು ಹೋದರು.

ಭಾವ ಮರದ ತುಂಡನ್ನು ಕೆಳಗಿಟ್ಟರು. "ನನ್ನ ಕೈಲಿ ಆಗಲ್ಲ ಕಣಯ್ಯ. ಆ ಹಲ್ಲಿನ ಡಾಕ್ಟ್ರ ಕಾಲಿಗೆ ಬೀಳ್ತೀನಿ. ಅವರು ಬಂದು ನಾನು ಸುಳ್ಳುಗಾರ ಅಂತ ಎಲ್ಲರೆದುರು ಹೇಳೋಕಿಂತ ಮೊದಲು ನಾನೇ ಹೋಗಿ ಹೇಳೋದು ವಾಸಿ. ನೀನೂ ಬಾ."

ಗುರುವಾರ ಹೋದೆವು. ಯೋಜನೆ ಸರಳವಾಗಿತ್ತು: ಒಳಗೆ ಹೋಗುವುದು, ಒಪ್ಪಿಕೊಳ್ಳುವುದು, ಹೊರಗೆ ಬರುವುದು. ಆದರೆ ದಂತವೈದ್ಯರ ಕೋಣೆಯಲ್ಲಿ ಬಾಯಿ ತೆರೆದವನಿಗೆ ಮಾತಾಡುವ ಅವಕಾಶವಿರುವುದಿಲ್ಲ. ಭಾವ "ಡಾಕ್ಟ್ರೇ, ನಾನು" ಎಂದು ಬಾಯಿ ತೆರೆದರು; ಡಾಕ್ಟ್ರು ಅದರೊಳಗೆ ಕನ್ನಡಿ, ಕೊಕ್ಕೆ ಮತ್ತು ಹತ್ತಿ ಇಟ್ಟರು. ಭಾವ ಹತ್ತಿಯ ಮೂಲಕವೇ ತಪ್ಪೊಪ್ಪಿಗೆ ಶುರುಮಾಡಿದರು.

"ಆಆ ಊಊ ಆಆ" ಎಂದರು ಭಾವ.

"ನೋವು ಬಹಳ ದಿನದಿಂದ ಇದೆಯಾ?" ಎಂದರು ಡಾಕ್ಟ್ರು.

ಭಾವ ಪಶ್ಚಾತ್ತಾಪದಿಂದ ತಲೆಯಾಡಿಸಿದರು. ಅದನ್ನು ಒಪ್ಪಿಗೆ ಎಂದುಕೊಂಡು ಡಾಕ್ಟ್ರು ಒಂದು ಹಲ್ಲು ತೆಗೆದುಬಿಟ್ಟರು. ಅಲುಗುತ್ತಿದ್ದ ಹಲ್ಲೇ, ಆದರೂ ತಪ್ಪೊಪ್ಪಿಗೆಗೆ ಸ್ವಲ್ಪ ದುಬಾರಿಯಾಯಿತು.

ಬಾಯಿ ತೊಳೆದ ಮೇಲೆ ಭಾವ, "ಡಾಕ್ಟ್ರೇ, ನಾನು ಆ ಪ್ರೆಸ್ಸಿನವನು. ನೀವು ಮೇಲಿನ ಕೋಣೆಯಲ್ಲಿದ್ರಲ್ಲ" ಎಂದರು.

ಡಾಕ್ಟ್ರ ಕೈಯಲ್ಲಿ ಇಕ್ಕಳ ಹಾಗೇ ನಿಂತಿತು. "ನೀವಾ? ನಮ್ಮ ಮೊದಲ ಕ್ಯಾಸೆಟ್ ಹಾಳು ಮಾಡಿದ್ದು ನೀವಲ್ವಾ?"

"ನಾನಾ? ನಾನೇನು ಮಾಡ್ದೆ?"

"ನಮ್ಮ ಡ್ರಮ್ಮಿನವನು ಆ ಬೆಳಿಗ್ಗೆ ಜಗಳ ಮಾಡ್ಕೊಂಡು ಹೋಗಿದ್ದ. ರೆಕಾರ್ಡರು ಅವತ್ತು ಸಂಜೇನೇ ವಾಪಸ್ ಕೊಡ್ಬೇಕಿತ್ತು. ಕೆಳಗೆ ನಿಮ್ಮ ಯಂತ್ರ. ಎರಡು ಗಂಟೆ ನಿಲ್ಸಿ ಸ್ವಾಮಿ ಅಂತ ಬಂದು ಕೇಳಿದ್ರೆ ಏನಂದ್ರಿ, ನೆನಪಿದೆಯಾ?"

ಭಾವ ಕೆನ್ನೆ ಹಿಡಿದುಕೊಂಡು ನೆನಪಿಸಿಕೊಂಡರು. "ಬಸ್ ಟಿಕೆಟ್ ಅಚ್ಚಾಗ್ತಿದೆ. ಬಸ್ಸು ನಿಲ್ಲಲ್ಲ, ನಾನೂ ನಿಲ್ಲಲ್ಲ ಅಂದೆ."

"ನಿಲ್ಲಲಿಲ್ಲ. ನೆಲ, ಗೋಡೆ, ಮೈಕು ಎಲ್ಲ ನಡುಗ್ತಿತ್ತು. ವಿಧಿಯಿಲ್ಲದೆ ನಿಮ್ಮ ಯಂತ್ರದ ಏಟಿಗೇ ಹಾಡಿದ್ವಿ. ಕ್ಯಾಸೆಟ್ಟಿನಲ್ಲಿ ಡ್ರಮ್ ಇಲ್ಲ ರೀ. ಇರೋದು ನೀವು." ಡಾಕ್ಟ್ರು ಕೈಗವಸು ಬಿಚ್ಚಿದರು. "ಒಂದು ಅಚ್ಚಿನ ಯಂತ್ರದ ಹಿಂದೆ ಓಡಿದ ತಂಡ ಅಂತ ಯಾರಿಗೆ ಹೇಳೋದು? ನಾಚಿಕೆಯಾಗಿ ಮೂವತ್ತೆರಡು ವರ್ಷ ಯಾರಿಗೂ ಹೇಳ್ಲಿಲ್ಲ."

ಭಾವ ಕುರ್ಚಿಯಲ್ಲಿ ಮೆಲ್ಲಗೆ ಎದ್ದು ಕುಳಿತರು. ಕೆನ್ನೆ ಊದಿತ್ತು, ಕಣ್ಣು ಹೊಳೆಯುತ್ತಿತ್ತು. "ನಾನು ಯಾವಾಗ್ಲೂ ಕೆಳಗೇ ಇದ್ದೆ ಡಾಕ್ಟ್ರೇ. ಮೇಲಿಂದ ಹೇಗೆ ಕೇಳುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಾನು ಹೇಳಿದ್ದು ಸುಳ್ಳಲ್ಲ" ಎಂದರು.

"ನಾಳೆ ಸಂಜೆ ನಮ್ಮ ಪ್ರೆಸ್ಸಿಗೆ ಬನ್ನಿ ಡಾಕ್ಟ್ರೇ" ಎಂದು ಮತ್ತೆ ಅವರೇ ಅಂದರು. "ನಿಮಗೆ ನಾಚಿಕೆಯಾದ ಕ್ಯಾಸೆಟ್ಟನ್ನ ಹನ್ನೊಂದು ಜನ ಎದೆಗೊತ್ತಿಕೊಂಡು ಓಡಾಡ್ತಿದಾರೆ. ಒಂದ್ಸಲ ಬಂದು ಅವರ ಮುಖ ನೋಡಿ." ಡಾಕ್ಟ್ರು ಮುಂದಿನ ರೋಗಿಯನ್ನು ಕರೆದರು.

ಟನ್ನುಗಟ್ಟಲೆ ತೂಗುವ ಯಂತ್ರ ಸಭಾಂಗಣಕ್ಕೆ ಹೋಗುವಂತಿರಲಿಲ್ಲ. ಕಾರಣ ಇಲ್ಲೇ ಹೇಳುತ್ತೇನೆ, ಎಲ್ಲರೂ ಪ್ರೆಸ್ಸಿಗೇ ಬನ್ನಿ ಎಂದು ಭಾವ ಗಡ್ಡದವನಿಗೆ ಹೇಳಿಕಳಿಸಿದರು. ಆದ್ದರಿಂದ ಸಭಾಂಗಣವೇ ಯಂತ್ರದ ಬಳಿಗೆ ಬಂತು. ಶುಕ್ರವಾರ ಸಂಜೆ ಆರಕ್ಕೆ ನಮ್ಮ ಬೀದಿ ಕಪ್ಪಾಯಿತು. ಹನ್ನೊಂದು ಜನ ನೂರಹನ್ನೊಂದಾಗಿದ್ದರು. ಇಷ್ಟು ಜನ ಎಲ್ಲಿದ್ದರೆಂದು ಆ ಹನ್ನೊಂದು ಜನಕ್ಕೇ ಆಶ್ಚರ್ಯ. ಹೆಡ್ಮಾಸ್ಟರು ತಮ್ಮ ಜಗುಲಿಯ ಮೇಲೆ ಕುರ್ಚಿ ಹಾಕಿಸಿ, ದೂರಿನ ಮುಂದಿನ ಭಾಗಕ್ಕೆ ಬಿಳಿ ಹಾಳೆ ಹಿಡಿದು ಕುಳಿತರು. ಅಧಿಕಾರಿ ಬಾಗಿಲ ಪಕ್ಕ ಮೀಟರು ಹಿಡಿದು ನಿಂತರು.

ಭಾವ ಯಂತ್ರದ ಮುಂದೆ ನಿಂತು, "ನನ್ನದೊಂದು ತಪ್ಪಾಗಿದೆ" ಎಂದರು. "ನಾನು ಡ್ರಮ್ ಬಾರಿಸಿದೋನಲ್ಲ. ನೀವು ಇಷ್ಟು ವರ್ಷ ಕೇಳಿದ್ದು ಇದನ್ನ" ಎಂದು ಯಂತ್ರದ ಮೇಲೆ ಕೈಯಿಟ್ಟರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಭಾವ ತುಳಿಯತೊಡಗಿದರು. ಗಾಲಿ ತಿರುಗಿತು. ಧಡ್, ಧಡ್, ಧಡ್, ಧಡ್, ಧಡ್, ಧಡ್. ನೂರಹನ್ನೊಂದು ಜನ ಏಳನೆಯದಕ್ಕೆ ತಲೆ ಬಾಗಿಸಲು ಸಿದ್ಧರಾದರು.

ಧಡ್.

ಕುಂಟಲಿಲ್ಲ. ಹದಿನಾಲ್ಕನೆಯದೂ ಕುಂಟಲಿಲ್ಲ. ಯಂತ್ರ ಅತ್ಯಂತ ಸಭ್ಯವಾಗಿ ನಡೆಯುತ್ತಿತ್ತು. ಗಣಿತದ ಮೇಡಂ ನಕ್ಷೆಯನ್ನು ನಿಧಾನವಾಗಿ ಸುತ್ತಿದರು. "ಇದಲ್ಲ ಸಾರ್ ಅದು" ಎಂದ ಕಂಡಕ್ಟರ್, ಬಹಳ ಬೇಸರದಿಂದ. ಹೆಡ್ಮಾಸ್ಟರು ಪೆನ್ನಿನ ಮುಚ್ಚಳ ತೆಗೆದರು. ಭಾವನ ಕಾಲು ನಿಂತಿತು. ಹಣೆಯ ಬೆವರು ಊದಿದ ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಸ್ವಲ್ಪ ಸರೀರಿ" ಎಂಬ ದನಿ ಕೇಳಿತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಯಂತ್ರದ ಪಕ್ಕ ಮಂಡಿಯೂರಿದಳು. ಮೇಲೆ ದುಂಡಗಿನ ಮಸಿ ತಟ್ಟೆ. ಪ್ರತಿ ಏಟಿಗೂ ಅದು ಸ್ವಲ್ಪ ಸ್ವಲ್ಪ ತಿರುಗುವಂತೆ ಮಾಡಲು ಕೆಳಗೊಂದು ಹಲ್ಲುಗಾಲಿ. ಅಕ್ಕ ಅದರಡಿಗೆ ಕೈ ಹಾಕಿ ಏನನ್ನೋ ಎಳೆದಳು. ಅದು ಬರಲಿಲ್ಲ. ಮತ್ತೆ ಎಳೆದಳು. ನಾಲ್ಕಾಗಿ ಮಡಿಸಿದ, ಮಸಿ ಕುಡಿದು ಚರ್ಮದಂತಾದ ಒಂದು ಕಾಗದ ಕೈಗೆ ಬಂತು.

"ನಾನು ಮದುವೆಯಾಗಿ ಈ ಮನೆಗೆ ಬಂದ ವಾರ ಈ ಯಂತ್ರ ಏಳಕ್ಕೊಂದು ಸಲ ಕುಂಟ್ತಿತ್ತು" ಎಂದಳು ಎಲ್ಲರಿಗೂ ಕೇಳುವಂತೆ. "ಒಂದು ಹಲ್ಲು ಸವೆದು ತಟ್ಟೆ ಜಾರ್ತಿತ್ತು. ನನಗೆ ತಲೆನೋವು ಬರುತ್ತೆ ಅಂದೆ. ಇವರು ಅವತ್ತೇ ಇದನ್ನ ಮಡಿಸಿ ಬೆಣೆ ಕೊಟ್ಟರು. ಆಮೇಲೆ ಮರೆತೇಬಿಟ್ಟರು. ಇವರಿಗೆ ಏನು ತಾನೇ ನೆನಪಿರುತ್ತೆ."

ಅದು ಅವರ ಮದುವೆ ಕಾಗದ. ಮಡಿಕೆಯೊಳಗೆ ಮಸಿ ತಾಗದ ಒಂದೇ ಜಾಗದಲ್ಲಿ ಭಾವನ ಹೆಸರಿತ್ತು. ಅಕ್ಕ ಅದನ್ನು ಒಂದು ಕ್ಷಣ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ತುಳೀರಿ" ಎಂದಳು.

ಭಾವ ತುಳಿದರು. ಆರು ಏಟು ಸಮ. ಏಳನೆಯದಕ್ಕೆ ಧ-ಕಟಕ್.

ಆಮೇಲೆ ಎದ್ದ ಗದ್ದಲವನ್ನು ಬರೆಯಲು ನನ್ನ ಹತ್ತಿರ ಅಚ್ಚುಮೊಳೆಗಳಿಲ್ಲ. ಗಡ್ಡದವನು ಗಡ್ಡದೊಳಗೆ ಮುಖ ಹುದುಗಿಸಿ ಅತ್ತ. ಕಂಡಕ್ಟರ್ ನನ್ನನ್ನು ತಬ್ಬಿಕೊಂಡ. ನಾನೇನೂ ಮಾಡಿರಲಿಲ್ಲ, ಆದರೂ ಬೇಡವೆನ್ನಲಿಲ್ಲ. ಮೇಡಂ ನಕ್ಷೆಯನ್ನು ಮತ್ತೆ ಬಿಚ್ಚಿ ಬೆರಳಿಟ್ಟು, "ಸರಿಯಾಗಿದೆ, ಸರಿಯಾಗಿದೆ" ಎಂದು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ಭಯಂಕರ ಕೂಗು ಕೇಳಿತು. ಎಲ್ಲರೂ ತಿರುಗಿದರು. ಬಿಳಿ ಕೋಟಿನಲ್ಲೇ ಬಂದಿದ್ದ ಹಲ್ಲಿನ ಡಾಕ್ಟ್ರು ಕಣ್ಣು ಮುಚ್ಚಿಕೊಂಡು ಮೊದಲ ಹಾಡನ್ನು ಶುರುಮಾಡಿದ್ದರು. ಜನ ದಾರಿ ಬಿಟ್ಟರು. ಅವರು ಹಾಡುತ್ತಾ ಬಂದು ಯಂತ್ರದ ಪಕ್ಕ ನಿಂತರು. ಈ ಸಲ ಅವರು ಭಾವನ ಹಿಂದೆ ಓಡುತ್ತಿರಲಿಲ್ಲ. ಇಬ್ಬರೂ ಜೊತೆಗೇ ಹೋಗುತ್ತಿದ್ದರು. ನಲವತ್ತು ನಿಮಿಷ. ಎಲ್ಲ ಹಾಡು, ಅದೇ ಕ್ರಮ. ಮೂರನೆಯ ಹಾಡಿನಲ್ಲಿ ನೂರಹನ್ನೊಂದು ಜನ ಒಟ್ಟಿಗೆ ಕೆಮ್ಮಿದರು.

ಏಳಕ್ಕೆ ಹತ್ತು ನಿಮಿಷವಿರುವಾಗ ಭಾವ ನಿಲ್ಲಿಸಿದರು. ಅಧಿಕಾರಿ ಮೀಟರು ನೋಡಿ, ಫಾರಮು ನೋಡಿ, ಜಗುಲಿಯ ಕಡೆ ನೋಡಿದರು. "ಮೇಷ್ಟ್ರೇ, ಸಾಕ್ಷಿ ನೀವು. ಏನಂತ ಬರೀಲಿ?"

ಹೆಡ್ಮಾಸ್ಟರ ಹಾಳೆಯ ತುಂಬ ಗೀಟುಗಳಿದ್ದವು. ತಪ್ಪು ಹಿಡಿಯಲೆಂದು ಅವರು ಒಂದೊಂದು ಏಟನ್ನೂ ಎಣಿಸಿದ್ದರು. "ಒಂದು ಸಲಾನಾದ್ರೂ ಆರಕ್ಕೋ ಎಂಟಕ್ಕೋ ಕುಂಟುತ್ತೆ ಅಂತ ಕಾದೆ" ಎಂದರು ಬಿಗಿದ ಮುಖದಲ್ಲಿ. "ಕುಂಟಲಿಲ್ಲ. ಇಷ್ಟು ಶಿಸ್ತು ನನ್ನ ಶಾಲೆಯಲ್ಲೂ ಇರ್ಲಿಲ್ಲ. ಸಂಗೀತ ಅಂತಲೇ ಬರೀರಿ." ಅಧಿಕಾರಿ 'ಕಾರ್ಖಾನೆ'ಯ ಮೇಲೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ನೋಟಿಸು ಅಲ್ಲಿಗೆ ಸತ್ತಿತು.

ಮರುದಿನ ಬೆಳಿಗ್ಗೆ ಕ್ಯಾಸೆಟ್ಟಿನ ಹೊಸ ಹೊದಿಕೆ ಅಚ್ಚಾಗಬೇಕಿತ್ತು. ಡಾಕ್ಟ್ರೇ ಕೈಯಾರೆ ಬರೆದುಕೊಟ್ಟ ನಾಲ್ಕು ಹೆಸರು. ಭಾವ ಮೊಳೆ ಜೋಡಿಸಿ, ಕರಡು ತೆಗೆದು, ನನ್ನ ಮೇಜಿನ ಮೇಲಿಟ್ಟು ಪಕ್ಕಕ್ಕೆ ತಿರುಗಿ ನಿಂತರು. ಮೂರು ಹೆಸರು ದಪ್ಪ ಅಕ್ಷರದಲ್ಲಿದ್ದವು. ಡ್ರಮ್ಸ್ ಎಂಬುದರ ಮುಂದೆ ತಮ್ಮ ಹೆಸರನ್ನು ಮಾತ್ರ ಅವರು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನಾನು ಕೆಂಪು ಪೆನ್ನು ತೆಗೆದು 'ಇದೂ ಅದೇ ಅಳತೆ' ಎಂದು ಬರೆದೆ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಿಂದ ನಾನು ಯಾವ ತಪ್ಪನ್ನೂ ತಿದ್ದಿಲ್ಲ.

ಬೆಣೆ ತೆಗೆದದ್ದರಿಂದ ಏಳನೆಯ ಪ್ರತಿಗೊಮ್ಮೆ ಮಸಿ ತುಸು ತೆಳುವಾಗಿ ಬೀಳುತ್ತಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಕಪ್ಪಂಗಿಯವರಲ್ಲಿ ಆ ಏಳನೆಯ ಪ್ರತಿಗೇ ನೂಕುನುಗ್ಗಲು. ಅವರ ನಡುವೆ ದಾರಿ ಮಾಡಿಕೊಂಡು ತಕ್ಕಡಿ ಹೊತ್ತ ಗುಜರಿಯವನು ಒಳಗೆ ಬಂದ.

"ಅಮ್ಮಾ, ಹಳೇ ಯಂತ್ರ ಇದೆ ಅಂದಿದ್ರಲ್ಲ" ಎಂದ.

ಅಕ್ಕ ಹೊಲಿಗೆ ಯಂತ್ರವನ್ನು ಒಳಗಿನ ಕೋಣೆಯ ಕಿಟಕಿಯ ಬಳಿ ಹಾಕಿಸಿಕೊಂಡು ಕುಳಿತಿದ್ದಳು. ಅವಳ ಕಾಲೂ ತುಳಿಯುತ್ತಿತ್ತು. ತಲೆಯೆತ್ತದೆ ಹೇಳಿದಳು:

"ಸದ್ದು ಮಾಡಬೇಡಪ್ಪ. ನಮ್ಮೆಜಮಾನ್ರು ಬಾರಿಸ್ತಿದಾರೆ."